ಅಂಗಿಗೆ ತಕ್ಕ ಮೈ

ದರ್ಜಿಯ ಮನೆಯಲ್ಲಿ ಮತ್ತೆ ಜಗಳ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಪರದೆ ಬಿಟ್ಟರೆ ಬೇರೇನಿಲ್ಲ. ಹಾಗಾಗಿ ಅಳತೆ ಕೊಡಲು ಬಂದವರಿಗೆಲ್ಲ ಜಗಳ ಪುಕ್ಕಟೆ. ಈ ಸಲ ಗುಂಡಿಯ ಡಬ್ಬ ಗೋಡೆಗೆ ಬಡಿದು ನೆಲದ ತುಂಬ ಗುಂಡಿಗಳು ಚೆಲ್ಲಾಡಿದ್ದವು. ಎಸೆದವನು ದರ್ಜಿಯ ಮಗ. ಗಿರಾಕಿಯೊಬ್ಬರ ಮುಂದೆ ಅಪ್ಪ ಅವನನ್ನು ತೋರಿಸಿ, ನನ್ನ ಮಗಳು, ಕಟಿಂಗ್ ಎಲ್ಲ ಇವಳದೇ ಎಂದಿದ್ದ.

ಹುಟ್ಟಿದಾಗ ಎಲ್ಲರೂ ಹೆಣ್ಣು ಎಂದರು. ತಾನು ಗಂಡು ಎಂಬುದು ಅವನಿಗೆ ಮಾತ್ರ ಬುದ್ಧಿ ಬಂದಾಗಿನಿಂದ ಗೊತ್ತಿತ್ತು. ಈಗ ದೊಡ್ಡವನಾಗಿ, ಡಾಕ್ಟರ ಹತ್ತಿರ ಮಾತಾಡಿ, ಹಾರ್ಮೋನ್ ಇಂಜೆಕ್ಷನ್ ಶುರು ಮಾಡಿದ್ದ. ದನಿ ಒಡೆದಿತ್ತು, ಗಲ್ಲದ ಮೇಲೆ ಗಡ್ಡ ಚಿಗುರಿತ್ತು. ಅಪ್ಪನ ನಾಲಿಗೆ ಮಾತ್ರ ಇದ್ದಲ್ಲೇ ಇತ್ತು.

ಅಮ್ಮನ ಲೆಕ್ಕದಲ್ಲಿ ಎಲ್ಲಕ್ಕೂ ಕಾರಣ ಆ ಇಂಜೆಕ್ಷನ್. ಅದು ಮೈಗೆ ಸೇರಿದ ಮೇಲೆ ಮಗುವಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಇಂಜೆಕ್ಷನ್ನಿಗೂ ಮೊದಲೇ, ಗಂಡು ನೋಡುವ ಮಾತೆತ್ತಿದಾಗ ಇದೇ ಮಗು ಬಾಗಿಲು ಕಿತ್ತು ಬರುವಂತೆ ಬಡಿದಿತ್ತು. ಆಕೆ ಅದನ್ನು ಜಾಣತನದಿಂದ ಮರೆತಿದ್ದಳು.

ದಿನಾ ವ್ಯಾಯಾಮ ಮಾಡು, ಮೂಳೆಗೂ ಹೃದಯಕ್ಕೂ ನಿದ್ದೆಗೂ ಒಳ್ಳೆಯದು ಎಂದು ಡಾಕ್ಟರು ಹೇಳಿದ್ದರು. ಅವನೂ ಜಿಮ್ಮಿಗೆ ಹೋದ. ಅಲ್ಲಿ ಗೋಡೆ ತುಂಬ ಕನ್ನಡಿ. ಭಾರ ಎತ್ತಿದಾಗಲೆಲ್ಲ ಎದುರಿಗೆ ತನ್ನ ಎದೆಯೇ ಕಂಡು ಮೈ ಉರಿಯಿತು. ವಾರ ತುಂಬುವುದರೊಳಗೆ ಬಿಟ್ಟ. ಆಮೇಲೆ ಸಿಟ್ಟು ಬಂದರಷ್ಟೇ ವ್ಯಾಯಾಮ. ಯಾರಾದರೂ ಹೆಣ್ಣೆಂದು ಕರೆದ ದಿನ ಮಹಡಿಗೆ ಹೋಗಿ ತೋಳು ಬಿದ್ದುಹೋಗುವಷ್ಟು ದಂಡ ಹೊಡೆಯುವುದು. ಮಿಕ್ಕ ದಿನ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬಿದ್ದುಕೊಂಡು, ಈ ಹಾಳು ಮೈಗೆ ಏನು ಮಾಡಿ ಏನು ಎನ್ನುವುದು.

ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಅವನು ತನಗೊಂದು ಅಂಗಿ ಹೊಲಿದುಕೊಂಡ. ಕಂಡವರ ಮೈಗೆಲ್ಲ ಟೇಪು ಹಿಡಿದವನು ತನ್ನ ಮೈಗೆ ಹಿಡಿಯಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿದ್ದ ಗಂಡಸಿನ ಬೊಂಬೆಯ ಅಳತೆ ತೆಗೆದು ಕತ್ತರಿಸಿದ. ಹೊಲಿಗೆಯಲ್ಲಿ ಒಂದು ಎಳೆ ತಪ್ಪಿರಲಿಲ್ಲ. ಹಾಕಿಕೊಂಡರೆ ಎದೆಯ ಗುಂಡಿ ಕೂರಲೊಲ್ಲದು. ಹೊಲಿಗೆ ಬಿಚ್ಚಿ ಅಗಲ ಮಾಡುವುದು ದರ್ಜಿಯ ಮಗನಿಗೆ ಎಷ್ಟು ಹೊತ್ತಿನ ಕೆಲಸ? ಅದನ್ನು ಮಾಡಲಿಲ್ಲ. ಕಾಲು ಉಳುಕಿದಾಗ ಸುತ್ತುವ ಪಟ್ಟಿಯನ್ನು ಎದೆಗೆ ಬಿಗಿದು, ಮೈಯನ್ನೇ ಅಂಗಿಗೆ ಹೊಂದಿಸಿದ. ಮಲಗುವಾಗಲೂ ಬಿಚ್ಚಲಿಲ್ಲ.

ಗುಂಡಿ ಚೆಲ್ಲಿದ ಆ ದಿನವೂ ಅದೇ ಪಟ್ಟಿ ಕಟ್ಟಿಕೊಂಡೇ ಮಹಡಿಯಲ್ಲಿ ದಂಡ ಹೊಡೆದ. ಉಸಿರು ಸಾಲದೆ ತಲೆ ತಿರುಗಿತು. ಕೆಳಗೆ ಬರುವಾಗ ಮೆಟ್ಟಿಲ ಮೇಲೆ ಬಿದ್ದು ಪಕ್ಕೆಲುಬು ಮುರಿಯಿತು.

ಆಸ್ಪತ್ರೆಯಲ್ಲಿದ್ದ ನರ್ಸಕ್ಕ ಗುರುತಿನವರೇ. ಅವರ ಯೂನಿಫಾರ್ಮ್ ಇದೇ ಅಂಗಡಿಯಲ್ಲಿ ಹೊಲಿಯುವುದು. ಪಟ್ಟಿ ಕತ್ತರಿಸಿ ತೆಗೆದಾಗ ಅದರ ಅಡಿಯಲ್ಲಿ ಚರ್ಮ ಕಿತ್ತು ಹಸಿಯಾಗಿತ್ತು. ಅಮ್ಮ ಮುಖ ತಿರುಗಿಸಿಕೊಂಡಳು. ಆ ಇಂಜೆಕ್ಷನ್ ನಿಲ್ಲಿಸಿಬಿಡಿ ಎಂದು ಕೈಮುಗಿದಳು.

"ಔಷಧದಿಂದ ಕೆಲವ್ರಿಗೆ ಮನಸ್ಸು ಏರುಪೇರಾಗ್ಬಹುದು ಅಮ್ಮಾ. ಅದನ್ನ ಡಾಕ್ಟರಿಗೆ ಹೇಳ್ಬೇಕು, ನಾವೇ ಹೆಚ್ಚು ಕಮ್ಮಿ ಮಾಡ್ಬಾರ್ದು. ಆದ್ರೆ ಎಲ್ಲಾನೂ ಅದರ ತಲೆಗೇ ಕಟ್ಬೇಡಿ," ಎಂದರು ನರ್ಸಕ್ಕ. "ಬೆಳಿಗ್ಗೆ ಎದ್ದು ತನ್ನ ಮೈನೇ ಬೈಯೋನು ಸಂಜೆ ಹೊತ್ತಿಗೆ ಇನ್ಯಾರನ್ನೂ ಬೈಯ್ದೆ ಇರ್ತಾನಾ?"

ನಮ್ಮ ವಂಶದಲ್ಲಿ ಇಂಥವರು ಯಾರೂ ಇರಲಿಲ್ಲ ಎಂದು ಅಪ್ಪ ಗೊಣಗಿದ.

"ಇದ್ದಿರ್ಬಹುದು. ನಿಮ್ಮಂಥೋರ ಹತ್ರ ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೆ."

ಆಮೇಲೆ ಅವರು ಮಗನ ಪಕ್ಕ ಕೂತರು. ಈ ಮೈಯ ಮೇಲೆ ಯಾಕಪ್ಪ ಇಷ್ಟು ಹಗೆ ಎಂದು ಕೇಳಿದರು. ಇದು ನನ್ನದಲ್ಲ ಎಂದ ಅವನು.

"ಮತ್ತೆ ಈಗ ನೋಯ್ತಿರೋದು ಯಾರಿಗೆ?"

ಅವನು ಅತ್ತ. ಅಳುವಾಗಲೂ ಪಕ್ಕೆ ಚುಚ್ಚಿತು.

ನರ್ಸಕ್ಕ ಬಿಡಿಸಿ ಹೇಳಿದರು. ಒಪ್ಪಿಕೊಳ್ಳುವುದು ಎಂದರೆ ಚಿಕಿತ್ಸೆ ಬಿಡುವುದಲ್ಲ. ಮೈ ಬದಲಾಗಲು ಕಾಲ ಬೇಕು, ಅಲ್ಲಿಯವರೆಗೆ ಬದುಕುವುದೂ ಇದೇ ಮೈಯಲ್ಲಿ. ಶಿಕ್ಷೆ ಕೊಡಲು ಮಾಡುವ ವ್ಯಾಯಾಮ ಹೆಚ್ಚು ದಿನ ನಿಲ್ಲುವುದಿಲ್ಲ. ಮೈಯ ಮೇಲೆ ಒಂದಿಷ್ಟು ಕನಿಕರವಿದ್ದರೆ ತಾನಾಗಿ ಎದ್ದು ಹೋಗಬೇಕೆನಿಸುತ್ತದೆ. ಎದೆಗೆ ಪಟ್ಟಿ ಸುತ್ತಲೇಬಾರದು. ಅದಕ್ಕೆಂದೇ ಮಾಡಿದ ಒಳಉಡುಪನ್ನು ಸರಿಯಾದ ಅಳತೆಗೆ ತೆಗೆದುಕೊಂಡು, ಕೆಲವೇ ಗಂಟೆ ಹಾಕಿ, ಮಲಗುವಾಗ, ಬೆವರು ಹರಿಸುವಾಗ ತೆಗೆದಿಡಬೇಕು. ಜಿಮ್ಮಿನ ಕನ್ನಡಿ ಬೇಡವಾದರೆ ಬೀದಿಯಲ್ಲಿ ನಡೆದರೂ ಆಯಿತು. ಮನಸ್ಸಿನ ಮಾತಿಗೆ ಆಪ್ತಸಲಹೆಗಾರರಿದ್ದಾರೆ, ಹೋಗಲು ನಾಚಿಕೆ ಬೇಡ.

ಮನೆಗೆ ಬಂದ ಮೇಲೆ ಅಪ್ಪ ಆ ಅಂಗಿಯನ್ನು ಮೇಜಿನ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಅದು ಬೊಂಬೆಯ ಅಳತೆ ಎಂದು ದರ್ಜಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಟೇಪು ತಂದು, "ಬಾರೋ, ನೋವಾದ್ರೆ ಹೇಳು," ಎಂದು ಮಗನ ಮೈ ಇದ್ದಂತೆ ಅಳತೆ ತೆಗೆದ. 'ಬಾರೋ' ಎಂದದ್ದು ಮೂವರಿಗೂ ಕೇಳಿಸಿತು.

ಪಕ್ಕೆ ಕೂಡಿದ ಮೇಲೆ ಅವನು ಸಡಿಲ ಅಂಗಿ ತೊಟ್ಟು ದಿನಾ ನಡೆಯುತ್ತಾನೆ. ಇವತ್ತು ಬೇಡ ಎನಿಸಿದ ದಿನ ಅಪ್ಪನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಾನೆ. ಸಿಟ್ಟು ಈಗಲೂ ಬರುತ್ತದೆ, ಸುಳ್ಳು ಯಾಕೆ ಹೇಳಬೇಕು. ಬಂದಾಗ ಡಬ್ಬ ಎಸೆಯುವುದಿಲ್ಲ. ಹಾಗೆ ಕರೆಯಬೇಡಿ, ನೋವಾಗುತ್ತದೆ ಎಂದು ಹೇಳುತ್ತಾನೆ. ಜೋರಾಗಿ ಉಸಿರೆಳೆದರೆ ಪಕ್ಕೆ ಇನ್ನೂ ಚುಚ್ಚುತ್ತದೆ. ಕಳೆದ ವರ್ಷಗಳನ್ನು ಯಾವ ಆಸ್ಪತ್ರೆಯೂ ಕೂಡಿಸಿಕೊಡುವುದಿಲ್ಲ.

ಒಂದು ದಿನ ಅಮ್ಮ ಕಣ್ಣೊರೆಸಿಕೊಂಡು, ಇಷ್ಟು ನೋವಿತ್ತು ಅಂತ ಮೊದಲೇ ಯಾಕೋ ಹೇಳಲಿಲ್ಲ ಎಂದಳು.

"ಹೇಳಿದ್ದೆ ಅಮ್ಮಾ. ಎಷ್ಟೋ ಸಲ ಹೇಳಿದ್ದೆ. ನಿಮಗೆ ಕೇಳ್ಸಿದ್ದು ಮೂಳೆ ಮುರಿದ ಸದ್ದು ಮಾತ್ರ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ದಾರಿಯಲ್ಲಿ ನೀವೇ ನಡೆಯುತ್ತಿದ್ದರೆ ನಿಮ್ಮ ಮೈಯನ್ನು ಹೊಡೆದು ಬಡಿದು ದಾರಿಗೆ ತರಲು ಹೋಗಬೇಡಿ. ಡಾಕ್ಟರನ್ನು ಕಾಣಿ, ಸಲಹೆಗಾರರ ಹತ್ತಿರ ಮಾತಾಡಿ, ನಾಳೆ ಸ್ವಲ್ಪ ದೂರ ನಡೆದು ಬನ್ನಿ. ನೀವು ಅಪ್ಪ ಅಮ್ಮ ಆಗಿದ್ದರೆ, ನಿಮ್ಮ ಮಗು ನಿಮಗೆ ಈಗಾಗಲೇ ಹೇಳಿರಬಹುದು. ಇವತ್ತೇ ಪಕ್ಕದಲ್ಲಿ ಕೂತು, ಇನ್ನೊಮ್ಮೆ ಹೇಳು ಎಂದು ಕೇಳಿ. ಈ ಸಲ ಕೇಳಿಸಿಕೊಳ್ಳಿ.