ಎರಡನೇ ಉತ್ತರ

ಬಾಗಿಲಿನ ಹೊರಗಿಂದಲೇ ಆ ಸದ್ದು ಕೇಳಿಸಿತು. ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಹೊರಡಿಸುವ ಗುಂಯ್ ಎನ್ನುವ ಸದ್ದು. ಯಾರ ತುಟಿಯೂ ಅಲುಗುವುದಿಲ್ಲವಾದ್ದರಿಂದ ಯಾರನ್ನೂ ಹಿಡಿಯುವಂತಿರಲಿಲ್ಲ. ನೆದ್ಯಾಲ್ಕಾ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. "ಜೇನುಗೂಡಿನೊಳಗೆ ತಲೆ ಇಟ್ಟ ಹಾಗಿರುತ್ತೆ ಅಕ್ಕಾ" ಎಂದು ತಂಗಿ ಹೇಳಿದ್ದು ಸುಳ್ಳಲ್ಲ ಅನ್ನಿಸಿತು.

ಒಳಗೆ ಹೋಗಿ ಚೀಲವನ್ನು ಮೇಜಿನ ಮೇಲಿಟ್ಟಳು. ಸದ್ದು ನಿಲ್ಲಲಿಲ್ಲ. ಹತ್ತನೇ ಬಿ ತರಗತಿಯ ಹುಡುಗ ಹುಡುಗಿಯರು ದೇವರ ಪಟದಲ್ಲಿರುವ ಸಂತರಂತೆ ಕೈಕಟ್ಟಿ ಕೂತು ಗುಂಯ್‌ಗುಟ್ಟುತ್ತಿದ್ದರು. ಅವಳು ಬೆಂಚುಗಳ ನಡುವೆ ನಿಧಾನವಾಗಿ ನಡೆದಳು, ತಲೆ ಓರೆ ಮಾಡಿ ಆಲಿಸಿದಳು.

"ಕಿಟಕಿ ಕಡೆಯವರದ್ದು ಶ್ರುತಿ ಸೇರ್ತಿಲ್ಲ" ಎಂದಳು. "ಸ್ವಲ್ಪ ಮೇಲೆ ಹಿಡೀರಿ. ಹಾಂ, ಹಂಗೆ. ಈಗ ಎಲ್ಲಾರೂ ಒಟ್ಟಿಗೆ. ನಿಲ್ಲಿಸ್ಬೇಡಿ, ನಾನು ಹೇಳೋವರೆಗೂ."

ಕಿಟಕಿ ಕಡೆ ಯಾರೋ ನಕ್ಕರು. ಸದ್ದು ಚೂರುಚೂರಾಯಿತು. ಅವಳು ಬಿಡಲಿಲ್ಲ. "ಯಾಕೆ, ಸುಸ್ತಾಯ್ತಾ? ಇಷ್ಟೇನಾ ನಿಮ್ಮ ದಮ್ಮು?" ಎಂದು ಮತ್ತೆ ಮಾಡಿಸಿದಳು, ಮತ್ತೊಮ್ಮೆ ಮಾಡಿಸಿದಳು. ಅಪ್ಪಣೆ ಕೊಟ್ಟು ಮಾಡಿಸುವ ತಂಟೆಯಲ್ಲಿ ಯಾರಿಗೆ ತಾನೆ ರುಚಿ? ಕಡೆಗೆ ಒಗ್ನ್ಯಾನ್ ಎಂಬ ದಪ್ಪ ಕುತ್ತಿಗೆಯ ಹುಡುಗ "ಸಾಕು ಬಿಡಿ ಮೇಡಂ, ಮೂಗು ನೋಯ್ತಿದೆ" ಎಂದ. ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ಒಬ್ಬಳು ಮಾತ್ರ ನಗಲಿಲ್ಲ. ತೆಳ್ಳನೆಯ ಮುಖ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಪೆನ್ಸಿಲ್ಲು, ಹೊಸಬರನ್ನು ತೂಗಿ ನೋಡುವ ಕಣ್ಣು. ಬಿಲ್ಯಾನಾ. ಹೆಸರನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನೆದ್ಯಾಲ್ಕಾಳ ತಂಗಿ ರೋಸಿತ್ಸಾ ಹಿಂದಿನ ವರ್ಷ ಇದೇ ಸ್ಲಿವೆನ್ ಊರಿನ ಇದೇ ಕಸುಬಿನ ಶಾಲೆಗೆ ಸಾಹಿತ್ಯ ಕಲಿಸಲು ಬಂದವಳು. ಅದು ಅವಳ ಮೊದಲ ಕೆಲಸ. ಕ್ರಿಸ್‌ಮಸ್ ರಜೆ ಬರುವಷ್ಟರಲ್ಲಿ ಇದೇ ಮಕ್ಕಳು ಅವಳನ್ನು ಓಡಿಸಿಬಿಟ್ಟರು. ಕೊನೆಯ ದಿನ ಅವಳು ಕಪ್ಪು ಹಲಗೆಯ ಕಡೆ ಮುಖ ಮಾಡಿ ಅತ್ತದ್ದನ್ನು ಬಿಲ್ಯಾನಾ ಫೋನಿನಲ್ಲಿ ಹಿಡಿದಳು. ಆ ವಿಡಿಯೊ ಊರೆಲ್ಲ ಸುತ್ತಿತು. ಬ್ರೆಡ್ಡಿನ ಅಂಗಡಿಯವನು ಚಿಲ್ಲರೆ ಕೊಡುವಾಗ ತುಟಿ ಕಚ್ಚಿ ನಗು ತಡೆದದ್ದನ್ನು ನೋಡಿದ ಮೇಲೆ ರೋಸಿತ್ಸಾ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಪರದೆ ಎಳೆದುಕೊಂಡು ಕೂತು, ದಿನವಿಡೀ ಸೂರ್ಯಕಾಂತಿ ಬೀಜ ಒಡೆದು ತಿನ್ನುವುದು, ಸಿಪ್ಪೆಯನ್ನು ತಟ್ಟೆಯಲ್ಲಿ ಗುಡ್ಡೆ ಹಾಕುವುದು, ಇಷ್ಟೇ.

ಪ್ಲೊವ್ದಿವ್‌ನಲ್ಲಿ ಇಪ್ಪತ್ತು ವರ್ಷ ಗಣಿತ ಕಲಿಸಿದ್ದ ನೆದ್ಯಾಲ್ಕಾ ಅಲ್ಲಿನ ಕೆಲಸ ಬಿಟ್ಟು ತಂಗಿಯ ಮನೆಗೆ ಬಂದಳು. ಬಿಟ್ಟುಹೋದ ಗಂಡನ ಅಡ್ಡಹೆಸರು ಮೊದಲ ಸಲ ಉಪಯೋಗಕ್ಕೆ ಬಂತು. ಅಕ್ಕತಂಗಿ ಎಂದು ಯಾರಿಗೂ ತಿಳಿಯಲಿಲ್ಲ. "ಆ ಕ್ಲಾಸೇ ಬೇಕು ಅಂತ ಬಾಯಿಬಿಟ್ಟು ಕೇಳಿದವರು ನೀವೇ ಮೊದಲು" ಎಂದು ಹೆಡ್ಮಾಸ್ಟರ್ ತ್ಸಾನೆವ್ ಅವಳ ಎರಡೂ ಕೈ ಹಿಡಿದು ಕುಲುಕಿದ್ದರು.

"ಏನ್ಮಾಡ್ತೀಯ ಅವಳಿಗೆ?" ಮೊದಲ ಪಾಠದ ದಿನ ರಾತ್ರಿಯೂಟಕ್ಕೆ ಕೂತಾಗ ರೋಸಿತ್ಸಾ ಕೇಳಿದಳು. "ಫೇಲ್ ಮಾಡ್ತೀಯ?"

"ಫೇಲಾದ್ರೆ ಅವಳಿಗೇನು? ಭುಜ ಕೊಡವಿಕೊಂಡು ಹೋಗ್ತಾಳೆ. ಕಳಕೊಳ್ಳೋಕೆ ಅವಳ ಹತ್ರ ಏನಾದ್ರೂ ಇರ್ಬೇಕಲ್ಲ. ಮೊದಲು ಕೊಡ್ತೀನಿ."

ಕೊಡುವ ಕೆಲಸವನ್ನು ಅವಳು ಚೆನ್ನಾಗಿ ಬಲ್ಲಳು. ದಿನಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ಕರೆದಳು. ಒಬ್ಬನ ತಪ್ಪಿಗೆ ಎಲ್ಲರನ್ನೂ ಬೈಯಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಅವಸರ ಮಾಡಲಿಲ್ಲ, ಉತ್ತರ ಬರುವ ತನಕ ಸುಮ್ಮನೆ ಕಾದಳು. ಬೈಕ್ ರಿಪೇರಿಯ ಹುಚ್ಚಿದ್ದ ಒಗ್ನ್ಯಾನ್‌ಗೆ ಗೇರಿನ ಹಲ್ಲುಗಳನ್ನೇ ಲೆಕ್ಕ ಮಾಡಿ ಕೊಟ್ಟಳು. ಅವನು ಮೊದಲ ಸಲ ಮನೆಗೆಲಸ ಮಾಡಿಕೊಂಡು ಬಂದ. ಹಿಂದಿನ ಸಾಲಿನಲ್ಲೂ ಕೈ ಮೇಲೇಳಲು ಶುರುವಾಯಿತು.

ಬಿಲ್ಯಾನಾಳಿಗೆ ಬೇಕಿದ್ದದ್ದು ನಾಲ್ಕು ಜನ ತನ್ನನ್ನು ನೋಡುವುದು. ಹಿಂದೆ ಅದಕ್ಕಾಗಿ ಟೀಚರ್‌ಗಳನ್ನು ಅಳಿಸಿದ್ದಳು. ನೆದ್ಯಾಲ್ಕಾ ಅವಳ ಕೈಗೆ ಸೀಮೆಸುಣ್ಣ ಕೊಟ್ಟು ಹಲಗೆಯ ಮುಂದೆ ನಿಲ್ಲಿಸಿದಳು. "ನನಗಿಂತ ನೀನು ಹೇಳಿದ್ರೆ ಇವರಿಗೆ ಬೇಗ ತಲೆಗೆ ಹೋಗುತ್ತೆ. ಹೇಳು." ಹುಡುಗಿ ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು. ಆಮೇಲಾಮೇಲೆ ಹೇಳಲೆಂದೇ ಬರತೊಡಗಿದಳು. ಶಾಲೆ ಬಿಟ್ಟ ಮೇಲೂ ಉಳಿದುಕೊಂಡು ಲೆಕ್ಕ ಕೇಳುತ್ತಿದ್ದಳು. ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಅವಳ ತಾಯಿ ಪೆನ್ಕಾ ಒಮ್ಮೆ ಫೋನ್ ಮಾಡಿ, "ಮೇಡಂ, ನನ್ನ ಮಗಳು ಅಡುಗೆಮನೆ ಗೋಡೆ ಮೇಲೆ ತ್ರಿಕೋನ ಬರೀತಾಳೆ, ಇದು ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದ್ದಳು.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಬಿಲ್ಯಾನಾ ಒಂದು ಲೆಕ್ಕವನ್ನು ನೆದ್ಯಾಲ್ಕಾಗೂ ಹೊಳೆಯದ ದಾರಿಯಲ್ಲಿ ಬಿಡಿಸಿಬಿಟ್ಟಳು. ಎರಡೇ ಸಾಲು. ನೆದ್ಯಾಲ್ಕಾ ಅದನ್ನು ನೋಡುತ್ತಾ ಕೂತಳು. ಇಷ್ಟು ವರ್ಷಗಳಲ್ಲಿ ಹೀಗೆ ಎಷ್ಟು ಸಲ ಆಗಿತ್ತು? ಮನೆಗೆ ಬಂದು ಸೂಪು ಬಡಿಸುತ್ತಾ ಅದನ್ನೇ ಹೇಳಿದಳು. ದನಿಯಲ್ಲಿ ಏನಿತ್ತೆಂದು ಅವಳಿಗೇ ಗೊತ್ತಾದದ್ದು ರೋಸಿತ್ಸಾ ಚಮಚ ಕೆಳಗಿಟ್ಟಾಗ.

"ಅವಳನ್ನ ಹೊಗಳ್ತಾ ಇದೀಯ" ಎಂದಳು ತಂಗಿ.

"ಇಲ್ವಲ್ಲ."

"ನಿನ್ನ ಮುಖ ನೋಡ್ಕೋ ಹೋಗು."

ರೋಸಿತ್ಸಾ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೆದ್ಯಾಲ್ಕಾ ಸೂಪನ್ನು ಪಾತ್ರೆಗೆ ವಾಪಸು ಸುರಿದಳು. ನಿಜ ಹೇಳಬೇಕೆಂದರೆ, ತಾನು ಈ ಊರಿಗೆ ಯಾಕೆ ಬಂದೆ ಎನ್ನುವುದು ಇತ್ತೀಚೆಗೆ ಅವಳಿಗೆ ದಿನಾ ನೆನಪಾಗುತ್ತಿರಲಿಲ್ಲ.

ನೆನಪು ಮಾಡಿಕೊಟ್ಟವಳು ಬಿಲ್ಯಾನಾಳೇ. ಮಾರ್ಚ್ ಒಂದನೇ ತಾರೀಖು ಮಕ್ಕಳೆಲ್ಲ ವಸಂತ ಬಂತೆಂದು ಪದ್ಧತಿಯಂತೆ ಕೆಂಪು ಬಿಳಿ ದಾರ ತಂದು ಅವಳ ಮಣಿಕಟ್ಟಿಗೆ ಕಟ್ಟಿದರು. ತರಗತಿಯಲ್ಲಿ ಹಬ್ಬದ ಸಡಗರ. "ಬಿಲ್ಯಾನಾ, ಟೀಚರ್‌ಗಳನ್ನ ಮಾಡಿ ತೋರ್ಸೇ!" ಎಂದು ಯಾರೋ ಕೂಗಿದರು. ಅವಳು ಮುಂದೆ ಬಂದು ತ್ಸಾನೆವ್ ಅವರ ಕೆಮ್ಮು ಕೆಮ್ಮಿದಳು. ವ್ಯಾಯಾಮದ ಮೇಷ್ಟ್ರಂತೆ ಹೊಟ್ಟೆ ಒಳಗೆಳೆದುಕೊಂಡು ನಡೆದಳು. ನೆದ್ಯಾಲ್ಕಾಗೂ ನಗು ತಡೆಯಲಾಗಲಿಲ್ಲ.

"ಇನ್ನೊಂದಿದೆ ಮೇಡಂ, ಇದು ನೀವು ನೋಡಿಲ್ಲ. ನಿಮಗಿಂತ ಮುಂಚೆ ಇದ್ದವಳು."

ಹುಡುಗಿ ಹಲಗೆಯ ಕಡೆ ತಿರುಗಿದಳು. ಹೆಗಲು ಕುಗ್ಗಿತು. ಒಂದು ಕೈ ಕತ್ತಿನ ಹಿಂದೆ ಹೋಗಿ ಅಲ್ಲಿನ ಕೂದಲನ್ನು ಬೆರಳಿಗೆ ಸುತ್ತಿಕೊಂಡಿತು. ರೋಸಿತ್ಸಾ ಅಳುವಾಗ ಚಿಕ್ಕಂದಿನಿಂದಲೂ ಹಾಗೇ ಮಾಡುವುದು. "ದಯವಿಟ್ಟು ಮಕ್ಕಳೇ... ದಯವಿಟ್ಟು..." ದನಿ ಕೂಡ ಅದೇ, ನಡುವೆ ಉಸಿರು ಸಿಕ್ಕಿಕೊಳ್ಳುವುದು ಕೂಡ ಅದೇ. ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಯಾವಳೋ ಹುಚ್ಚಿ ಮೇಡಂ" ಎಂದಳು ಬಿಲ್ಯಾನಾ ಕಣ್ಣೊರೆಸಿಕೊಳ್ಳುತ್ತಾ. ನಗುವಿನಿಂದ ಬಂದ ನೀರು ಅದು. "ಒಂದು ಚಳಿಗಾಲ ಕೂಡ ತಡ್ಕೊಳ್ಳಲಿಲ್ಲ. ಎಲ್ಲಿ ಹೋದ್ಲೋ ಏನೋ."

ನೆದ್ಯಾಲ್ಕಾ ಕೂಡ ನಕ್ಕಳು. "ಚೆನ್ನಾಗಿ ಮಾಡ್ತೀಯ" ಎಂದಳು. "ತುಂಬ ಚೆನ್ನಾಗಿ ನೋಡ್ಕೊಂಡಿದೀಯ ಅವಳನ್ನ."

ಮೇ ತಿಂಗಳಿಗೆ ಬಹಿರಂಗ ಪಾಠ ನಿಗದಿಯಾಯಿತು. ಊರಲ್ಲೇ ಕೆಟ್ಟ ತರಗತಿ ಎನ್ನಿಸಿಕೊಂಡದ್ದು ಹೇಗೆ ದಾರಿಗೆ ಬಂತೆಂದು ನೋಡಲು ಬೇರೆ ಶಾಲೆಗಳ ಶಿಕ್ಷಕರು, ಇಲಾಖೆಯವರು, ತಂದೆತಾಯಿಯರು ಬರುವವರಿದ್ದರು. ಹಲಗೆಯ ಮುಂದೆ ನಿಲ್ಲುವವಳು ಬಿಲ್ಯಾನಾಳೇ ಎನ್ನುವುದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ನೆದ್ಯಾಲ್ಕಾ ಅವಳಿಗೆ ಒಂದು ಕಷ್ಟದ ಲೆಕ್ಕ ಕೊಟ್ಟು ದಿನಾ ಅಭ್ಯಾಸ ಮಾಡಿಸಿದಳು. ಅದರ ನಡುವೆ ಒಂದು ದಿನ, "ನಿನ್ನ ಅಕ್ಷರ ಮುದ್ದಾಗಿದೆ, ಹೋಗಿ ಸ್ವಾಗತದ ಫಲಕ ಬರಿ" ಎಂದು ಅವಳನ್ನು ಕೆಳಗಿನ ಹಾಲ್‌ಗೆ ಕಳಿಸಿದಳು. ಆ ಪೀರಿಯಡ್ಡಿನಲ್ಲಿ ಉಳಿದವರಿಗೆ ಒಂದು ಹೊಸ ವಿಷಯ ಹೇಳಿಕೊಟ್ಟಳು. ತ್ರಿಕೋನದ ಎರಡು ಬಾಹು ಕೊಟ್ಟು, ಅವುಗಳ ನಡುವೆ ಇಲ್ಲದ ಒಂದು ಕೋನ ಕೊಟ್ಟರೆ ಕೆಲವು ಸಲ ಎರಡು ತ್ರಿಕೋನಗಳು ಹುಟ್ಟುತ್ತವೆ. ಒಂದೇ ಉತ್ತರ ಬರೆದರೆ ಲೆಕ್ಕ ಅರ್ಧ. ಇದನ್ನು ಎಲ್ಲರಿಗೂ ಕರಗತವಾಗುವ ತನಕ ಮಾಡಿಸಿದಳು, ಒಗ್ನ್ಯಾನ್‌ಗಂತೂ ಎರಡು ಸಲ. ಬಿಲ್ಯಾನಾಗೆ ಯಾರೂ ಹೇಳಲಿಲ್ಲ. ಅವಳಿಗೆ ಹೇಳಿಕೊಡುವಂಥದ್ದು ಏನಿರುತ್ತದೆ?

ಬಹಿರಂಗ ಪಾಠದ ದಿನ ತರಗತಿಯ ಹಿಂಭಾಗದಲ್ಲಿ ಕುರ್ಚಿಗಳು ಸಾಲದೆ ಕೆಲವರು ನಿಂತಿದ್ದರು. ರಜೆ ಹಾಕಿ ಬಂದಿದ್ದ ಪೆನ್ಕಾ ಹೊಸ ಬ್ಲೌಸು ತೊಟ್ಟು ಗೋಡೆಗೆ ಅಂಟಿಕೊಂಡು ಕೂತಿದ್ದಳು. ನೆದ್ಯಾಲ್ಕಾ ಅಭ್ಯಾಸ ಮಾಡಿಸಿದ್ದ ಲೆಕ್ಕ ಬಿಟ್ಟು ಬೇರೆಯದನ್ನು ಹಲಗೆಯ ಮೇಲೆ ಬರೆದಳು. ಬಿಲ್ಯಾನಾಳ ಹುಬ್ಬು ಒಂದಿಷ್ಟು ಮೇಲೇರಿತು, ಅಷ್ಟೆ. ಚಕಚಕ ಬರೆದು, ಕೋನ ಕಂಡುಹಿಡಿದು, ಉತ್ತರದ ಕೆಳಗೆ ಗೆರೆ ಎಳೆದು ತಿರುಗಿದಳು.

"ಇನ್ನೊಂದಿದೆ" ಎಂದಳು ನೆದ್ಯಾಲ್ಕಾ ಮೆಲ್ಲಗೆ.

"ಏನು ಮೇಡಂ?"

"ಇನ್ನೊಂದು ಉತ್ತರ. ನೋಡು, ಅವಸರ ಏನಿಲ್ಲ."

ಹುಡುಗಿ ತಾನು ಬರೆದದ್ದನ್ನು ಮೇಲಿಂದ ಕೆಳಕ್ಕೆ ಓದಿದಳು. ಒಂದು ಸಾಲು ಅಳಿಸಿದಳು, ಅದನ್ನೇ ಮತ್ತೆ ಬರೆದಳು. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಇನ್ನೊಂದು. ಮತ್ತೊಂದು. "ನಾನ್ ಹೇಳ್ಲಾ ಮೇಡಂ?" "ಮೇಡಂ, ನಂಗೊತ್ತು!" ಒಗ್ನ್ಯಾನ್ ಬೆಂಚಿನಿಂದ ಅರ್ಧ ಎದ್ದೇಬಿಟ್ಟಿದ್ದ. ಅವರಲ್ಲಿ ಯಾರಿಗೂ ಕೆಟ್ಟ ಬುದ್ಧಿ ಇರಲಿಲ್ಲ. ಕಲಿತದ್ದನ್ನು ತೋರಿಸುವ ಆಸೆ, ಅಷ್ಟೆ. ಆ ಆಸೆಯನ್ನು ಒಂದು ವರ್ಷದಿಂದ ನೀರೆರೆದು ಬೆಳೆಸಿದವಳು ನೆದ್ಯಾಲ್ಕಾಳೇ.

"ಕೈ ಇಳಿಸಿ. ಬಿಲ್ಯಾನಾ ಹೇಳ್ತಾಳೆ. ಕಾಯೋಣ."

ಕಾದರು. ಕಿಟಕಿಯ ಹೊರಗೆ ಗಾಳಿ ಪಾಪ್ಲರ್ ಮರಗಳನ್ನು ಬಗ್ಗಿಸುತ್ತಿತ್ತು. ಇಲಾಖೆಯವರೊಬ್ಬರು ಗಡಿಯಾರ ನೋಡಿಕೊಂಡರು. ಬಿಲ್ಯಾನಾಳ ಕತ್ತು ಕೆಂಪಾಯಿತು, ಆ ಕೆಂಪು ಕಿವಿಗಳಿಗೆ ಹತ್ತಿತು. ಅವಳು ಹಲಗೆಯ ಕಡೆ ತಿರುಗಿದವಳು ಮತ್ತೆ ಈ ಕಡೆ ತಿರುಗಲಿಲ್ಲ. ಹೆಗಲು ಒಮ್ಮೆ ಎಗರಿತು. ಆಗ ನೆದ್ಯಾಲ್ಕಾ ಹತ್ತಿರ ಹೋಗಿ, ಸಮಾಧಾನ ಹೇಳುವವಳಂತೆ ಬೆನ್ನ ಮೇಲೆ ಕೈಯಿಟ್ಟು ಕಿವಿಯ ಬಳಿ ಬಗ್ಗಿದಳು.

"ಈಗ ಸರಿಯಾಗಿ ಮಾಡ್ತಿದೀಯ. ಅವಳು ಹೀಗೇ ಅತ್ತಿದ್ದು. ರೋಸಿತ್ಸಾ ನನ್ನ ತಂಗಿ."

ಆಮೇಲೆ ನೆಟ್ಟಗಾಗಿ, "ಕೂತ್ಕೋ, ಪರವಾಗಿಲ್ಲ. ಒಗ್ನ್ಯಾನ್, ಬಾ" ಎಂದಳು. ಒಗ್ನ್ಯಾನ್ ಬಂದು ಎರಡನೇ ತ್ರಿಕೋನ ಬರೆದ. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ನೆದ್ಯಾಲ್ಕಾಳ ಎದೆಯೊಳಗೆ ಏನೋ ಬಿಸಿಯಾಗಿ, ಸಿಹಿಯಾಗಿ ಹರಡಿತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಪೆನ್ಕಾ ಅವಳನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ದುಂಡನೆಯ ತಗಡಿನ ತಟ್ಟೆ.

"ನಿಮ್ಮ ಮಾನ ಕಳೆದ್ಲು ಮೇಡಂ" ಎಂದಳು. "ಇಷ್ಟು ಕಷ್ಟಪಟ್ಟು ಕಲಿಸಿದ್ರಿ. ದೊಡ್ಡವರೆಲ್ಲ ಬಂದಾಗ ಹಿಂಗ್ ಮಾಡ್ಬಿಟ್ಲು. ಬೇಜಾರ್ ಮಾಡ್ಕೋಬೇಡಿ. ಅವಳು ಮನೇಲಿ ನಿಮ್ಮ ಹೆಸರು ಬಿಟ್ರೆ ಬೇರೆ ಮಾತಾಡಲ್ಲ."

"ಹಂಗೇನಿಲ್ಲ, ಎಲ್ಲಾರಿಗೂ ಒಂದೊಂದ್ಸಲ ಆಗುತ್ತೆ."

"ಬಾನಿತ್ಸಾ ಮಾಡಿದೀನಿ, ಹಿಟ್ಟಿನ ಪದರದೊಳಗೆ ಚೀಸ್ ಹಾಕಿ. ಬೆಳಿಗ್ಗೆ ಎದ್ದು ಮಾಡಿದ್ದು, ನಿಮಗೇ ಅಂತ. ಬೇಡ ಅನ್ಬೇಡಿ. ತಟ್ಟೆ ಸೋಮವಾರ ಮಗಳ ಕೈಲಿ ಕೊಟ್ಟು ಕಳಿಸಿ ಸಾಕು."

ತಟ್ಟೆ ಇನ್ನೂ ಬೆಚ್ಚಗಿತ್ತು. ನೆದ್ಯಾಲ್ಕಾ ಅದನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಮನೆಗೆ ಬಂದಳು.

ರೋಸಿತ್ಸಾ ಒಂದೂ ಬಿಡದೆ ಕೇಳಿಸಿಕೊಂಡಳು. "ಹೆಗಲು ನಡುಗ್ತಾ?" "ಎಲ್ಲಾರೂ ನೋಡಿದ್ರಾ?" "ಅವಳ ಅಮ್ಮ ಇದ್ಲಾ? ಅಮ್ಮನ ಮುಖ ಹೆಂಗಾಯ್ತು?" ನೆದ್ಯಾಲ್ಕಾ ಹೇಳಿದಳು. ಹೇಳುತ್ತಿದ್ದಂತೆ ತಂಗಿ ತಟ್ಟೆಗೆ ಸುತ್ತಿದ ಬಟ್ಟೆ ತೆಗೆದು ಬಾನಿತ್ಸಾದ ಒಂದು ತುಂಡು ಮುರಿದು ಬಾಯಿಗಿಟ್ಟಳು, ಆಮೇಲೆ ಇನ್ನೊಂದು. ತಿಂಗಳುಗಳಿಂದ ಅವಳು ಹೀಗೆ ತಿಂದದ್ದನ್ನು ಅಕ್ಕ ನೋಡಿರಲಿಲ್ಲ. ಕೆನ್ನೆಯಲ್ಲಿ ಬಣ್ಣ ಬಂದಿತ್ತು.

"ಇನ್ನೊಂದ್ಸಲ ಹೇಳು. ಕಿವೀಲಿ ಹೇಳಿದ್ಯಲ್ಲ, ಅಲ್ಲಿಂದ."

ನೆದ್ಯಾಲ್ಕಾ ಮತ್ತೆ ಹೇಳಿದಳು. ಮೂರನೆಯ ಸಲ ಕೇಳಿದಾಗ "ನಾಳೆ ಹೇಳ್ತೀನಿ" ಎಂದಳು.

"ಎಷ್ಟು ಹದವಾಗಿದೆ ಇದು" ಎಂದಳು ರೋಸಿತ್ಸಾ ಬೆರಳು ನೆಕ್ಕುತ್ತಾ. "ಯಾರು ಮಾಡಿದ್ದು?"

"ಬಸ್ ಸ್ಟಾಪ್ ಹತ್ರ ತಗೊಂಡೆ."

ಸೋಮವಾರ ಬೆಳಿಗ್ಗೆ ಟೀಚರ್‌ಗಳ ಕೋಣೆಯ ಬಾಗಿಲಲ್ಲಿ ಬಿಲ್ಯಾನಾ ನಿಂತಿದ್ದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಆದರೆ ನೋಟ ನೇರವಾಗಿತ್ತು. ಒಳಗೆ ಕಾಲಿಡಲಿಲ್ಲ.

"ತಟ್ಟೆ ಕೊಡ್ಬೇಕಂತೆ. ಅಮ್ಮ ಹೇಳಿದ್ಲು."

ನೆದ್ಯಾಲ್ಕಾ ತೊಳೆದು ಒರೆಸಿ ತಂದಿದ್ದ ತಟ್ಟೆಯನ್ನು ಕೊಟ್ಟಳು. "ಅಮ್ಮನಿಗೆ..." ಎಂದು ಶುರು ಮಾಡಿದಳು.

"ಅಮ್ಮನಿಗೆ ಏನೂ ಹೇಳಿಲ್ಲ. ನಿಮ್ಮನ್ನ ದೇವತೆ ಅಂದ್ಕೊಂಡಿದಾಳೆ, ಅಂದ್ಕೊಂಡಿರಲಿ." ಹುಡುಗಿ ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. "ಆ ಲೆಕ್ಕ ಮನೇಲಿ ಮಾಡ್ದೆ. ಎರಡನೇದು ಬಂತು. ಸುಲಭ ಇತ್ತು."

ಗಂಟೆ ಹೊಡೆಯಿತು. ಹತ್ತನೇ ಬಿ ತರಗತಿಯ ಮಕ್ಕಳು ಗಲಗಲ ಮಾತಾಡುತ್ತಾ ಮೆಟ್ಟಿಲು ಹತ್ತತೊಡಗಿದರು. ಬಿಲ್ಯಾನಾ ಅವರ ನಡುವೆ ದಾರಿ ಮಾಡಿಕೊಂಡು ಕೆಳಗಿಳಿದಳು. ನೆದ್ಯಾಲ್ಕಾ ಕಿಟಕಿಗೆ ಬಂದಳು. ಹುಡುಗಿ ಖಾಲಿ ಅಂಗಳ ದಾಟಿ ಗೇಟಿನ ಕಡೆ ನಡೆಯುತ್ತಿದ್ದಳು, ತಿರುಗಿ ನೋಡದೆ. ಕಂಕುಳಲ್ಲಿದ್ದ ತಟ್ಟೆಗೆ ಬೆಳಗಿನ ಬಿಸಿಲು ತಾಗಿ, ಬೆಳಕಿನ ಒಂದು ದುಂಡು ಚೂರು ಶಾಲೆಯ ಗೋಡೆಯ ಮೇಲೆ ಓಡಿ, ಒಂದು ಕ್ಷಣ ಕಿಟಕಿಯ ಗಾಜಿಗೆ ಹೊಡೆದು, ಮರೆಯಾಯಿತು.