ಲೆಕ್ಕಕ್ಕೆ ಸಿಗದ ನೀರು

ಒಳಗೆ ಹೋದ ನೀರಿನಲ್ಲಿ ಒಂದು ಪಾಲು ಹೊರಗೆ ಬಂದಿರಲಿಲ್ಲ. ಆಪರೇಷನ್ ಟೇಬಲ್ಲಿನ ತಲೆಯ ಕಡೆ ಕೂತಿದ್ದ ಅಕ್ಕನ ಕಣ್ಣಿಗೆ ಅದು ಮೊದಲು ಬಿತ್ತು. ಅಮ್ಮನಿಗೆ ಅರಿವಳಿಕೆ ಕೊಟ್ಟವಳು ಅವಳು. ಗರ್ಭಕೋಶದೊಳಗೆ ಕ್ಯಾಮೆರಾದ ಕೊಳವೆ ಇಳಿಸಿ ಗಡ್ಡೆಯನ್ನು ಚೂರುಚೂರಾಗಿ ಕೊಯ್ದು ತೆಗೆಯುತ್ತಿದ್ದವಳು ತಂಗಿ. ಒಳಗೆ ಜಾಗ ಮಾಡಲು ಸಲೈನ್, ಅಂದರೆ ಉಪ್ಪುನೀರು, ಹರಿಸಲೇಬೇಕು. ಹೋದದ್ದು ವಾಪಸು ಬರದಿದ್ದರೆ ರಕ್ತಕ್ಕೆ ಸೇರುತ್ತಿದೆ ಎಂದರ್ಥ, ಆಮೇಲೆ ಶ್ವಾಸಕೋಶಕ್ಕೆ. ಅಮ್ಮನ ವಯಸ್ಸಿಗೆ, ಮೊದಲೇ ದುರ್ಬಲವಾಗಿದ್ದ ಆ ಹೃದಯಕ್ಕೆ, ಅದು ಹುಡುಗಾಟವಲ್ಲ.

ಅಕ್ಕನಿಗೆ ಮೊದಲು ಆದದ್ದು ಭಯವಲ್ಲ, ಖುಷಿ. ಥಿಯೇಟರಿನಲ್ಲಿ ಎಲ್ಲರೂ ಪರದೆಯ ಮೇಲೆ ತಂಗಿಯ ಕೈಚಳಕವನ್ನೇ ನೋಡುತ್ತಿದ್ದರು. ಆಪರೇಷನ್ನು ಚಿಕ್ಕವಳೇ ಮಾಡಬೇಕು ಎಂದು ಅಮ್ಮ ಊರಿಗೆಲ್ಲ ಸಾರಿ ಬಂದಿದ್ದಳು. ದೊಡ್ಡವಳ ವಿಷಯ ಕೇಳಿದರೆ, ಅವಳು ಮಲಗಿಸುವವಳು ಎಂದು ನಗುತ್ತಿದ್ದಳು. ಇಷ್ಟು ವರ್ಷ ಅದನ್ನು ನುಂಗಿಕೊಂಡು ಬಂದವಳಿಗೆ, ತಂಗಿಯ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವ ಹಕ್ಕು ಈಗ ತಾನಾಗಿ ಕೈಗೆ ಬಂದಿತ್ತು. ಆ ಖುಷಿಗೆ ನಾಚಿಕೆಯಾಯಿತು. ನಿಲ್ಲಿಸು ಅನ್ನುತ್ತಿರುವುದು ತನ್ನೊಳಗಿನ ಡಾಕ್ಟರೋ, ಹೊಟ್ಟೆಕಿಚ್ಚೋ?

ಆದರೂ ನೀರು ಪೂರ್ತಿ ವಾಪಸು ಬಂದಿಲ್ಲ ಎಂದು ಹೇಳಿದಳು. ನೆಲಕ್ಕೆ ಸೋರಿರಬೇಕು, ಗಡ್ಡೆ ಇನ್ನು ಸ್ವಲ್ಪವೇ ಉಳಿದಿದೆ ಎಂದಳು ತಂಗಿ, ಪರದೆಯಿಂದ ಕಣ್ಣು ತೆಗೆಯದೆ. ನರ್ಸೂ ತಲೆಯಾಡಿಸಿದಳು. ಅದು ಎಲ್ಲರಿಗೂ ಅನುಕೂಲದ ಉತ್ತರ. ಅಕ್ಕನಿಗೂ ಅನುಕೂಲವೇ; ಒಪ್ಪಿಕೊಂಡರೆ ತಂಗಿಯನ್ನು ಕಂಡರಾಗದವಳು ಎನ್ನಿಸಿಕೊಳ್ಳುವ ಗೋಜಿಲ್ಲ. ಮಾನಿಟರ್ ನೋಡಿಕೊಳ್ಳಲು ಸಹಾಯಕಿಗೆ ಹೇಳಿ, ಅವಳು ಮಂಡಿಯೂರಿ ಟೇಬಲ್ಲಿನ ಕೆಳಗೆಲ್ಲ ಅಂಗೈ ಆಡಿಸಿದಳು.

"ನೆಲ ಒದ್ದೆಯಾಗೇ ಇಲ್ಲ ಕಣೇ. ನಿಲ್ಸು."

ತಂಗಿ ಒಂದು ಗಳಿಗೆ ಅವಳನ್ನು ದಿಟ್ಟಿಸಿದಳು. ಮಾಸ್ಕಿನ ಮೇಲೆ ಕಾಣುವುದು ಕಣ್ಣಷ್ಟೇ; ಅದರಲ್ಲಿ ಏನು ಕಂಡಳೋ, ಕೊಳವೆ ಹೊರಗೆಳೆದಳು. ಗಡ್ಡೆಯ ಒಂದು ತುಣುಕು ಒಳಗೇ ಉಳಿಯಿತು. ಅಮ್ಮನನ್ನು ಇನ್ನೊಮ್ಮೆ ಮಲಗಿಸಬೇಕಾಗುತ್ತದೆ.

ಅಮ್ಮ ಪೂರ್ತಿ ಎಚ್ಚರವಾದ ಮೇಲೆ ತಂಗಿ ಎಲ್ಲವನ್ನೂ ಬಿಡಿಸಿ ಹೇಳಿದಳು, ಅಕ್ಕ ತಡೆಯದಿದ್ದರೆ ಜೀವಕ್ಕೇ ಕಷ್ಟವಿತ್ತು ಎಂಬುದನ್ನೂ. ಅಮ್ಮ ತನಗೆ ಬೇಕಾದಷ್ಟನ್ನು ಕೇಳಿಸಿಕೊಂಡು ದೊಡ್ಡವಳ ಕಡೆ ತಿರುಗಿದಳು.

"ಅವಳು ಮುಗಿಸ್ತಿದ್ಲು, ನೀನೇ ಬೇಡ ಅಂದೆ. ಅವಳು ಮಾಡಿದ್ದು ನಿಂಗೆ ಯಾವತ್ತು ಹಿಡಿಸಿದೆ ಹೇಳು?"

ತಂಗಿ ಏನೋ ಹೇಳಹೋದಳು. ಅಕ್ಕ ಕಣ್ಣಲ್ಲೇ ತಡೆದಳು. ಅಮ್ಮ ಹೇಳಿದ್ದು ಪೂರಾ ಸುಳ್ಳೂ ಅಲ್ಲವಲ್ಲ.

"ಮಾತಾಡ್ಬೇಡಮ್ಮ. ಉಸಿರೆಳ್ಕೋ."

ಸ್ಟೆತಸ್ಕೋಪನ್ನು ಅಮ್ಮನ ಬೆನ್ನಿಗೆ ಇಟ್ಟಳು. ನೀರು ತುಂಬಿದ ಸದ್ದು ಎಲ್ಲೂ ಇರಲಿಲ್ಲ. ಉಸಿರು ಸಲೀಸಾಗಿ ಹೋಗಿಬರುತ್ತಿತ್ತು. ಅದು ಖಚಿತವಾದ ಮೇಲೂ ತೆಗೆಯಲಿಲ್ಲ. ಇನ್ನೊಂದು ಸಲ ಎಂದಳು. ಅಮ್ಮ ಅವಳ ಮಾತು ಕೇಳಿ ಮತ್ತೆ ನಿಧಾನವಾಗಿ ಉಸಿರೆಳೆದುಕೊಂಡಳು.