ಎರಡನೇ ಕಾರ್ಡು

ನಮ್ಮ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಿಗೂ, ಭೋಜನಶಾಲೆಯಲ್ಲಿ ತಟ್ಟೆ ತೊಳೆಯುವ ನಮಗೂ ಒಂದೇ ಆರೋಗ್ಯ ವಿಮೆ. ಅದಕ್ಕೆ ಎರಡು ಕಾರ್ಡು. ಮೊದಲನೆಯದರ ಮೇಲೆ ವಿಶ್ವವಿದ್ಯಾಲಯದ ಹೆಸರು, ಶಿಲುಬೆಯ ಮುದ್ರೆ. ಎರಡನೆಯದರ ಮೇಲೆ ವಿಮಾ ಕಂಪನಿಯ ಹೆಸರಷ್ಟೇ. ಅದು ಗರ್ಭನಿರೋಧಕಗಳಿಗೆ ಮಾತ್ರ. ಗರ್ಭ ತಡೆಯುವುದು ಪಾಪವೆನ್ನುವ ಕ್ಯಾಥೊಲಿಕ್ ಸಂಸ್ಥೆ ಅದನ್ನು ಕೊಡಲೊಲ್ಲದು, ಅದಕ್ಕೇ ಕಂಪನಿ ಬೇರೆಯಾಗಿ ಕೊಡುತ್ತದೆ. ಇಷ್ಟು ನನಗೆ ಗೊತ್ತಿತ್ತು.

ಗ್ರೇಸಿಯೆಲಾ ನನ್ನ ಪಕ್ಕದಲ್ಲೇ ಕೆಲಸ ಮಾಡುವವಳು. ಎರಡನೇ ಹೆರಿಗೆಯಾದ ಮೇಲೆ ಅವಳ ಹೃದಯ ಸೋತಿತ್ತು. ಮತ್ತೆ ಬಸಿರಾದರೆ ಜೀವ ಉಳಿಯುವ ಭರವಸೆ ಇಲ್ಲವೆಂದು ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು.

ಅಕ್ಟೋಬರಿನಲ್ಲಿ ಅವಳೊಂದು ಪತ್ರ ತಂದಳು. ನಾನು ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಹೈಸ್ಕೂಲು ಮುಗಿಸಿದವಳೆಂದು ಎಲ್ಲರ ಪತ್ರವೂ ನನ್ನ ಕೈಗೇ ಬರುತ್ತಿತ್ತು. ಎರಡು ಸಲ ಓದಿ ಹೇಳಿದೆ: "ಡಿಸೆಂಬರ್ ಕೊನೆಗೆ ಎರಡನೇ ಕಾರ್ಡು ನಿಲ್ಲುತ್ತೆ ಕಣೆ."

ಮೂರು ವಾರಕ್ಕೆ ಕಂಪನಿಯಿಂದ ಇನ್ನೊಂದು ಪತ್ರ ಬಂತು. ಸೌಲಭ್ಯ ಮುಂದುವರಿಯುತ್ತದೆ ಎಂದಿತ್ತು. ಹಿಂದಿನ ಪತ್ರದ ಸುದ್ದಿಯೇ ಇರಲಿಲ್ಲ. ಎರಡನ್ನೂ ಹಿಡಿದು ಇಬ್ಬರೂ ಸಿಬ್ಬಂದಿ ಕಚೇರಿಗೆ ಹೋದೆವು.

ಅಲ್ಲಿನ ಅಧಿಕಾರಿ ಟಿಯರ್ನಿ ಪತ್ರಗಳನ್ನು ನೋಡಿ ಕನ್ನಡಕ ತೆಗೆದ. "ಲೊರೇನಮ್ಮ, ಆ ಕಾರ್ಡಿನ ವಿಷಯ ನಾನು ಮಾತಾಡೋ ಹಾಗಿಲ್ಲ."

"ಮಾತಾಡಿದ್ರೆ ಏನಾಗುತ್ತೆ?"

"ವಿಶ್ವವಿದ್ಯಾಲಯವೇ ಮಾತಾಡಿದ ಹಾಗಾಗುತ್ತೆ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ಮತ್ತೆ ಈ ಮೊದಲ್ನೇ ಪತ್ರ ಬರೆದಿದ್ದು ಯಾರಪ್ಪಾ?"

"ನಾವೇ. ಸಂಬಂಧ ಇಲ್ಲ ಅಂತ ತಿಳಿಸೋದಕ್ಕೆ."

ಗ್ರೇಸಿಯೆಲಾ ಮೆಲ್ಲಗೆ ಕೇಳಿದಳು, "ಕಾರ್ಡು ಬೇರೆಯವರದ್ದಾದ್ರೆ ಪಾಪಾನೂ ಅವರದ್ದೇನಾ ಸಾರ್? ಭಾನುವಾರ ಪಾದ್ರಿಗಳ ಹತ್ರ ಏನಂತ ಹೇಳ್ಲಿ?"

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಕಂಪನಿಯ ನಂಬರು ಬರೆದುಕೊಟ್ಟ. ಮೊಗಸಾಲೆಯಿಂದಲೇ ಫೋನು ಮಾಡಿದೆ. ಅರ್ಧ ಗಂಟೆ ಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ ಸಿಕ್ಕಿದಳು. "ಜನವರಿಯದನ್ನ ನಿಮ್ಮ ಸಂಸ್ಥೆಯಲ್ಲೇ ಕೇಳ್ಬೇಕಮ್ಮ," ಅಂದಳು.

"ಇರ್ಲಿ ಬಿಡಿ," ಅಂದಳು ಗ್ರೇಸಿಯೆಲಾ. "ಔಷಧಿ ಅಂಗಡೀಲಿ ತಿಂಗಳಿಗೆ ಒಂದೇ ಮಾತ್ರೆ ಪಟ್ಟಿ ಕೊಡೋದು. ನೀವು ಆ ಪತ್ರ ಓದಿದ ದಿನದಿಂದ ದಿನ ಬಿಟ್ಟು ದಿನ ತಗೊಳ್ತಿದೀನಿ. ಆಗ್ಲೇ ಹತ್ತು ಉಳಿದಿದೆ, ಜನವರಿಗೆ ಆಗುತ್ತೆ."

ನಾನು ಅವಳ ತೋಳು ಹಿಡಿದೆ. "ಅಯ್ಯೋ ಮಂಕೆ, ಅದು ಸಕ್ಕರೆ ಉಳಿಸಿದ ಹಾಗಲ್ವೇ. ಒಂದು ದಿನ ಬಿಟ್ರೂ ಕೆಲಸ ಮಾಡಲ್ಲ. ಮುಟ್ಟಾಯ್ತಾ?"

ಅವಳು ನೆಲ ನೋಡಿದಳು. "ಒಂಬತ್ತು ದಿನ ಮುಂದಕ್ಕೆ ಹೋಗಿದೆ."

ಔಷಧಿ ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದು, ಕೆಲಸದವರ ಶೌಚಾಲಯಕ್ಕೆ ಅವಳನ್ನು ಕಳಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆ ಮೊದಲ ಪತ್ರವನ್ನು ಮನಸ್ಸಿನಲ್ಲೇ ಸಾಲು ಸಾಲಾಗಿ ಮತ್ತೆ ಓದಿದೆ. ಎಲ್ಲಿಯೂ ತಪ್ಪು ಓದಿರಲಿಲ್ಲ. ಆದರೂ ಅವಳನ್ನು ಇಲ್ಲಿಗೆ ತಂದವಳು ನಾನೇ ಅನ್ನಿಸಿತು.

"ಒಂದೇ ಗೆರೆ," ಎಂದಳು ಒಳಗಿನಿಂದ. "ಒಂದಂದ್ರೆ ಏನು?"

"ಇಲ್ಲ ಅಂತ. ಬಸಿರಿಲ್ಲ ಅಂತ." ಹೇಳಿದ ಮೇಲೂ ಡಬ್ಬಿಯ ಮೇಲಿನ ಸೂಚನೆಯನ್ನು ಮೂರು ಸಲ ಓದಿದೆ. ಡಾಕ್ಟರ ನರ್ಸಿಗೆ ಫೋನು ಮಾಡಿದೆವು. ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಬೇಕು, ಅಲ್ಲಿಯವರೆಗೆ ಗಂಡನನ್ನು ದೂರ ಇಡಬೇಕು, ಮಾತ್ರೆ ಇವತ್ತಿನಿಂದಲೇ ದಿನವೂ ತೆಗೆದುಕೊಳ್ಳಬೇಕು ಎಂದಳು.

ಗ್ರೇಸಿಯೆಲಾ ಪಟ್ಟಿಯಿಂದ ಒಂದನ್ನು ಒತ್ತಿ ತೆಗೆದಳು. ಬಾಯಿಗಿಡುವ ಮುನ್ನ ನನ್ನ ಮುಖ ನೋಡಿದಳು. "ಎರಡು ಪತ್ರದಲ್ಲಿ ಯಾವುದು ನಿಜ ಲೊರೇನಮ್ಮ?"

"ನನಗೆ ಗೊತ್ತಿಲ್ಲ ಕಣೆ. ಅದನ್ನ ನುಂಗು ಮೊದ್ಲು."

ನುಂಗಿದಳು.